ಆರು ವಾರ, ಎರಡು ಕೈ, ಒಂದು ಕ್ಯಾರಲ್: ಚಿಕ್ಕಮಗಳೂರಿನ ಕೀಬೋರ್ಡ್ ಮನೆಪಾಠವೊಂದರ ವಿಮರ್ಶೆ

ಚಿಕ್ಕಮಗಳೂರಿನ ಬಸವನಹಳ್ಳಿ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಹಳೆಯ ಮನೆಯ ಮೇಲಂತಸ್ತಿನ ಒಂದೇ ಕೋಣೆಯಲ್ಲಿ, ನವೆಂಬರ್ ಎರಡನೆಯ ವಾರದಿಂದ ಕ್ರಿಸ್‌ಮಸ್‌ವರೆಗೆ ಆರು ವಾರಗಳ ಕೀಬೋರ್ಡ್ ತರಗತಿ ನಡೆಯುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 6ರಿಂದ 7ರವರೆಗೆ, ಒಟ್ಟು 18 ಪಾಠಗಳು. ಶುಲ್ಕ 2,400 ರೂಪಾಯಿ. ಕೀಬೋರ್ಡನ್ನು ಎಂದೂ ಮುಟ್ಟದವರು ಒಂದು ಕ್ಯಾರಲನ್ನು, ಅಂದರೆ ಕ್ರಿಸ್‌ಮಸ್ ಹಾಡನ್ನು, ಎರಡೂ ಕೈಗಳಿಂದ, ಮೊದಲಿನಿಂದ ಕೊನೆಯವರೆಗೆ, ಹಾಡುವವರ ಜೊತೆಗೂಡಿ ನುಡಿಸುವಂತಾಗಬೇಕು ಎಂಬುದಷ್ಟೇ ಈ ತರಗತಿಯ ಗುರಿ. ಕಳೆದ ವರ್ಷ ನಾನು ಇದಕ್ಕೆ ಸೇರಿ ಹದಿನೆಂಟೂ ಪಾಠಗಳನ್ನು ಮುಗಿಸಿದೆ. ತಮ್ಮ ಹೆಸರನ್ನೂ ವಿಳಾಸವನ್ನೂ ಬರೆಯಬಾರದೆಂದು ಮೇಷ್ಟ್ರು ಕೇಳಿಕೊಂಡಿದ್ದಾರೆ. ಇರುವ ಕೋಣೆಗೆ ಹಿಡಿಸುವುದಕ್ಕಿಂತ ಹೆಚ್ಚು ಮಂದಿ ಈಗಲೇ ಬರುತ್ತಿರುವುದು ಅದಕ್ಕೆ ಕಾರಣ. ಹಾಗಿದ್ದರೂ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ, ಏಕೆಂದರೆ ತಮ್ಮ ಊರಿನಲ್ಲಿ ಇಂಥದೊಂದು ಪಾಠವನ್ನು ಹುಡುಕುತ್ತಿರುವವರು ಏನನ್ನು ನೋಡಿ ಸೇರಬೇಕು ಎಂಬುದು ನನಗೆ ಇಲ್ಲಿ ಸ್ಪಷ್ಟವಾಯಿತು.

ನಾನು ಸೇರಿದ ಕಾರಣವನ್ನು ಒಂದು ಮಾತಿನಲ್ಲಿ ಹೇಳಬಹುದು. ನಮ್ಮ ಪಕ್ಕದ ಮನೆಯ ಕೊಂಕಣಿ ಕ್ರೈಸ್ತ ಕುಟುಂಬದಿಂದ ಪ್ರತಿ ಡಿಸೆಂಬರಿನಲ್ಲಿ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ ನಮ್ಮ ಮನೆಗೆ ಬರುತ್ತದೆ, ಯೇಸುವಿನ ಹುಟ್ಟನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿಯ ಮುಂದೆ ಎಲ್ಲರೂ ನಿಂತು ಹಾಡುವ ಸಂಜೆಗೆ ನಮಗೂ ಕರೆ ಇರುತ್ತದೆ. ಆ ಮನೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಕೆಲಸಕ್ಕಾಗಿ ಬೆಂಗಳೂರಿಗೆ ಹೋದ ಮೇಲೆ ಎರಡು ವರ್ಷ ಹಾಡು ಬರಿಗೊರಳಿನಲ್ಲೇ ನಡೆದಿತ್ತು. ಬಾಲ್ಯದಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತ ನನಗೆ ಸ್ವರಜ್ಞಾನ ಸ್ವಲ್ಪ ಇತ್ತು, ವಾದ್ಯವನ್ನು ಸರಿಯಾಗಿ ನುಡಿಸುವ ಅಭ್ಯಾಸ ಇರಲಿಲ್ಲ.

ಕ್ಯಾರಲ್ ಕಲಿಸುವವರು ಸಾಮಾನ್ಯವಾಗಿ ‘ಜಿಂಗಲ್ ಬೆಲ್ಸ್’ನಿಂದ ಆರಂಭಿಸುತ್ತಾರೆ. ಅದರ ಪಲ್ಲವಿಯಂತಿರುವ ಭಾಗ ಐದೇ ಸ್ವರಗಳಲ್ಲಿ ಮುಗಿಯುತ್ತದೆ; ಬಲಗೈ ಹೆಬ್ಬೆರಳನ್ನು ಸ ಮೇಲಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಸಾಲಾಗಿ ರಿ, ಗ, ಮ, ಪ ಮೇಲಿಟ್ಟರೆ ಕೈಯನ್ನು ಕದಲಿಸದೆಯೇ ‘ಗ ಗ ಗ, ಗ ಗ ಗ, ಗ ಪ ಸ ರಿ ಗ’ ಎಂದು ನುಡಿಸಿಬಿಡಬಹುದು. ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್ ರಚಿಸಿ 1857ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ಹಾಡಿನ ಸಾಹಿತ್ಯದಲ್ಲಿ ಕ್ರಿಸ್‌ಮಸ್‌ನ ಹೆಸರೇ ಇಲ್ಲ, ಅದು ಹಿಮದ ಮೇಲಿನ ಜಾರುಬಂಡಿಯ ಹಾಡು. ಮೇಷ್ಟ್ರು ಅದನ್ನು ಮೊದಲ ಎರಡು ಪಾಠಗಳಲ್ಲಿ ಬೆರಳು ಬಿಡಿಸಿಕೊಳ್ಳಲಿಕ್ಕೆ ಮಾತ್ರ ಬಳಸಿದರು. ಮೂರನೆಯ ದಿನದಿಂದ ಕೊನೆಯವರೆಗೆ ನಾವು ಹಿಡಿದದ್ದು ‘ಸೈಲೆಂಟ್ ನೈಟ್’ ಒಂದನ್ನೇ. ಆರು ವಾರಗಳಲ್ಲಿ ಹತ್ತು ಹಾಡು ಕಲಿಸುವುದಾಗಿ ಹೇಳುವ ತರಗತಿಗಳು ಇರುವಾಗ ಒಂದೇ ಹಾಡಿಗೆ ಇಷ್ಟು ದಿನವೇ ಎಂದು ಜೊತೆಗಿದ್ದ ಪೋಷಕರೊಬ್ಬರು ಕೇಳಿದರು. ಮೇಷ್ಟ್ರ ಉತ್ತರ ಹೀಗಿತ್ತು: “ಹತ್ತು ಹಾಡಿನ ಬಲಗೈ ಕಲಿತವರು ನನ್ನ ಹತ್ತಿರ ಮತ್ತೆ ಬರುತ್ತಾರೆ ಸರ್, ಎಡಗೈ ಕಲಿಸಿ ಅಂತ.” ಈ ತರಗತಿಯ ಬಗ್ಗೆ ನನಗೆ ಗೌರವ ಮೂಡಿದ್ದು ಅಲ್ಲಿಂದ.

ಈ ಆಯ್ಕೆ ಸರಿಯಾದದ್ದು ಎನ್ನಲು ಹಾಡಿನ ಹುಟ್ಟಿನಲ್ಲೇ ಆಧಾರವಿದೆ. ಆಸ್ಟ್ರಿಯಾದ ಯುವ ಪಾದ್ರಿ ಜೋಸೆಫ್ ಮೋರ್ 1816ರಲ್ಲಿ ಬರೆದ ಕವಿತೆಗೆ ಶಾಲಾ ಶಿಕ್ಷಕರೂ ಆರ್ಗನ್ ವಾದಕರೂ ಆಗಿದ್ದ ಫ್ರಾಂಜ್ ಕ್ಸೇವರ್ ಗ್ರೂಬರ್ ರಾಗ ಹಾಕಿದರು. 1818ರ ಡಿಸೆಂಬರ್ 24ರಂದು ಸಾಲ್ಜ್‌ಬರ್ಗ್ ಸಮೀಪದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ ಅದನ್ನು ಮೊದಲ ಬಾರಿಗೆ ಗಿಟಾರಿನ ಜೊತೆ ಹಾಡಿದರು. ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದದ್ದರಿಂದ ಗಿಟಾರ್ ಹಿಡಿಯಬೇಕಾಯಿತೆಂಬ ಕಥೆ ಎಲ್ಲೆಡೆ ಹಬ್ಬಿದೆಯಾದರೂ ಅದಕ್ಕೆ ದಾಖಲೆಯ ಬೆಂಬಲವಿಲ್ಲ. ನಮಗೆ ಮುಖ್ಯವಾದದ್ದು ಬೇರೆ: ಇದು ಗಿಟಾರಿಗೆಂದು ಕಟ್ಟಿದ, ಮೂರೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಮೇಲೆ ನಿಲ್ಲಬಲ್ಲ, ಹನ್ನೆರಡೇ ಆವರ್ತಗಳ (ತಾಳದ ಸುತ್ತುಗಳ) ಹಾಡು. ದೊಡ್ಡ ಆರ್ಗನ್ನಿಗೆ ಬರೆದದ್ದನ್ನು ಆರಂಭಿಕರಿಗೆಂದು ಕತ್ತರಿಸಿ ಸಣ್ಣದು ಮಾಡುವ ತೊಂದರೆ ಇಲ್ಲಿಲ್ಲ. ಅದರ ಸರಳತೆ ಹುಟ್ಟಿನಿಂದಲೇ ಬಂದದ್ದು.

ಮೇಷ್ಟ್ರು ಪಾಠವನ್ನು ಸ್ವರಗಳ ಹೆಸರಿನಲ್ಲೇ ಮಾಡುತ್ತಾರೆ, ಹಾರ್ಮೋನಿಯಂ ನುಡಿಸುವವರ ವಾಡಿಕೆಯಂತೆ ಕೀಗಳನ್ನು ಬಿಳಿ ಮನೆ, ಕರಿ ಮನೆ ಎಂದೇ ಕರೆಯುತ್ತಾರೆ. ಎರಡು ಕರಿ ಮನೆಗಳ ಗುಂಪಿನ ಎಡಕ್ಕೆ ಇರುವ ಬಿಳಿ ಮನೆಯನ್ನು ಸ ಎಂದು ಹಿಡಿದು, ಕರಿ ಮನೆಗಳನ್ನು ಮುಟ್ಟದೆ ಬಿಳಿ ಮನೆಗಳಲ್ಲೇ ಏರುತ್ತ ಹೋದರೆ ಸಿಗುವುದು ಶಂಕರಾಭರಣ ರಾಗದ ಆರೋಹಣ. ಪಾಶ್ಚಾತ್ಯರು ಸಿ ಮೇಜರ್ ಎಂದು ಕರೆಯುವ ಸ್ವರಶ್ರೇಣಿಯೂ ಅದೇ. ನಾವೆಲ್ಲ ಚಿಕ್ಕಂದಿನಲ್ಲಿ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿತವರು. ಅದನ್ನು ಇದೇ ಸದಿಂದ ನುಡಿಸಬೇಕಾದರೆ ಶುದ್ಧ ರಿಷಭಕ್ಕೂ ಶುದ್ಧ ಧೈವತಕ್ಕೂ ಕರಿ ಮನೆಗಳನ್ನು ಹತ್ತಬೇಕು, ಹೊಸ ಕೈಗೆ ಅದು ಕಷ್ಟ. ಕ್ಯಾರಲ್‌ಗಳಿಂದ ಕೀಬೋರ್ಡನ್ನು ಆರಂಭಿಸುವುದರ ಅನುಕೂಲ ನನಗೆ ಹೊಳೆದದ್ದು ಈ ಹೋಲಿಕೆಯಿಂದ. ನನ್ನ ಜೊತೆಗಿದ್ದ ಮಕ್ಕಳಲ್ಲಿ ಇಬ್ಬರು ಸಂಗೀತ ಪಾಠಕ್ಕೂ ಹೋಗುತ್ತಿದ್ದರು, ಅವರಿಗೆ ಈ ಕ್ಯಾರಲ್ ಅಪರಿಚಿತ ಲೋಕದ್ದೆಂದು ಅನಿಸಲೇ ಇಲ್ಲ. ಪಾಶ್ಚಾತ್ಯ ಧಾಟಿಗಳನ್ನು ಶಂಕರಾಭರಣದ ಸ್ವರಗಳಲ್ಲಿ ಹಿಡಿದು ಸಂಸ್ಕೃತ ಸಾಹಿತ್ಯ ಕೂಡಿಸಿದ ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳನ್ನು ಹಾಡಿದವರಿಗಂತೂ ಈ ದಾರಿ ಮೊದಲೇ ಗೊತ್ತು. ಆದರೆ ಒಂದು ಎಚ್ಚರಿಕೆಯನ್ನು ಮೇಷ್ಟ್ರು ಮೊದಲ ವಾರದಲ್ಲೇ ಹೇಳಿದರು, ನಾನೂ ಇಲ್ಲಿ ಹೇಳಬೇಕು: ಸಾಮಾನ್ಯ ಕೀಬೋರ್ಡಿನ ಮನೆಗಳಿಂದ ಗಮಕ, ಅಂದರೆ ಸ್ವರವನ್ನು ತೂಗಿ ಎಳೆಯುವ ಅಲುಗಾಟ, ಹೊರಡುವುದಿಲ್ಲ. ಇಲ್ಲಿ ಸಿಗುವುದು ಶಂಕರಾಭರಣದ ಸ್ವರಸ್ಥಾನಗಳೇ ಹೊರತು ರಾಗವಲ್ಲ. ಕ್ಯಾರಲ್‌ಗೆ ಗಮಕ ಬೇಡ, ಆದ್ದರಿಂದ ಅದಕ್ಕೆ ಇಷ್ಟು ಸಾಕು.

ಈಗ ಈ ತರಗತಿಯ ತಿರುಳಿಗೆ ಬರುತ್ತೇನೆ. ‘ಸೈಲೆಂಟ್ ನೈಟ್’ನ ಮೊದಲ ಆವರ್ತದಲ್ಲಿ ನಾಲ್ಕೇ ಸ್ವರಗಳಿವೆ: ಪ, ದ, ಪ, ಗ. ಮನೆಗಳನ್ನು ಗುರುತಿಸಲು ಐದು ನಿಮಿಷ ಸಾಕು. ಮೇಷ್ಟ್ರು ಅದಕ್ಕೆ ಇಡೀ ಒಂದು ವಾರ ಕೊಟ್ಟರು. ಹಾಡು ಆರೆಂಟರ ತಾಳದಲ್ಲಿದೆ, ಅಂದರೆ ಪ್ರತಿ ಆವರ್ತದಲ್ಲಿ ‘ತಕಿಟ ತಕಿಟ’ ಎಂದು ಮೂರು ಮೂರರ ಎರಡು ಗುಂಪುಗಳು. ನಮ್ಮ ತಿಶ್ರ ನಡೆ ಗೊತ್ತಿದ್ದವರಿಗೆ ಇದರ ತೂಗು ತಕ್ಷಣ ಕಾಲಿಗೆ ಬರುತ್ತದೆ. ತೊಡಕಿರುವುದು ಒಳಗಿನ ಹಂಚಿಕೆಯಲ್ಲಿ. ಪ, ದ, ಪ ಮೂರನ್ನೂ ಸಮವಾಗಿ ನುಡಿಸಿದರೆ ಹಾಡು ಶಾಲೆಯ ಪ್ರಾರ್ಥನೆಯ ಮಗ್ಗಿಯಂತೆ ಕೇಳುತ್ತದೆ, ಹೊಸಬರೆಲ್ಲ ಮಾಡುವ ತಪ್ಪು ಇದೇ. ಮೇಷ್ಟ್ರು ಆವರ್ತವನ್ನು ಹನ್ನೆರಡು ಸಣ್ಣ ಎಣಿಕೆಗಳಾಗಿ ಒಡೆದು ಕರಿಹಲಗೆಯ ಮೇಲೆ ಕರ್ನಾಟಕ ಸಂಗೀತದ ಸ್ವರಲಿಪಿಯಲ್ಲೇ ‘ಪ , , ದ ಪ , ಗ , , , , ,’ ಎಂದು ಬರೆದರು. ಮೊದಲ ಪಕ್ಕೆ ಮೂರು ಎಣಿಕೆ, ದಕ್ಕೆ ಒಂದೇ ಒಂದು, ಮತ್ತೆ ಪಕ್ಕೆ ಎರಡು, ಗಕ್ಕೆ ಆರು. ದ ಎನ್ನುವುದು ನಿಲ್ಲುವ ಸ್ವರವಲ್ಲ, ಪದಿಂದ ಪಕ್ಕೆ ಹೋಗುವಾಗ ಬೆರಳು ಸೋಕಿ ಬರುವ ಸ್ವರ. ಗಾಂಧಾರದ ಆರು ಎಣಿಕೆಯನ್ನು ಪೂರ್ತಿ ಕೊಡದೆ ಮುಂದಕ್ಕೆ ಓಡುವ ಅಭ್ಯಾಸ ನನ್ನಲ್ಲಿ ಬಲವಾಗಿತ್ತು. “ಮೇಡಂ, ಬೆರಳು ಎದ್ದುಬಿಟ್ಟಿತು, ಗ ಇನ್ನೂ ಮುಗಿದಿಲ್ಲ” ಎಂದು ಅವರು ನನಗೆ ಎಷ್ಟು ಬಾರಿ ಹೇಳಿದರೋ ಲೆಕ್ಕವಿಲ್ಲ.

ಆ ವಾರ ಕೀಬೋರ್ಡನ್ನು ಮುಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ತೊಡೆಯ ಮೇಲೆ ತಾಳ ಹಾಕಿದೆವು. ಒಬ್ಬರು ಹನ್ನೆರಡನ್ನು ಎಣಿಸುವುದು, ಇನ್ನೊಬ್ಬರು ಸ್ವರ ಹಾಡುವುದು, ಮತ್ತೊಬ್ಬರು ನುಡಿಸುವುದು, ಹೀಗೆ ಸರದಿ ಬದಲಾಯಿಸುತ್ತ ಹೋದೆವು. ಮೊದಲು ಬಾಯಿಗೆ ಬಂದದ್ದು ಆಮೇಲೆ ಕೈಗೆ ಬರುತ್ತದೆ ಎಂಬ ನಂಬಿಕೆ ನಮ್ಮ ಸಂಗೀತದಲ್ಲಿ ಹಳೆಯದು, ಕೀಬೋರ್ಡಿನ ಪಾಠದಲ್ಲಿ ಅದನ್ನು ಇಷ್ಟು ನಿಷ್ಠೆಯಿಂದ ಪಾಲಿಸುವುದನ್ನು ನಾನು ನೋಡಿದ್ದು ಇಲ್ಲಿಯೇ. ಇದರ ಫಲ ಮೂರನೆಯ ವಾರದಲ್ಲಿ ಕಂಡಿತು. ಎರಡನೆಯ ಆವರ್ತ ಮೊದಲನೆಯದರ ಪುನರಾವರ್ತನೆ. ಆರನೆಯದು, ಎಂಟನೆಯದು ಕೂಡ ಅದೇ ‘ಪ ದ ಪ ಗ’. ಏಳನೆಯದು ಐದನೆಯದರ ನಕಲು. ಹನ್ನೆರಡು ಆವರ್ತಗಳಲ್ಲಿ ನಾಲ್ಕನ್ನು ಆ ಒಂದೇ ವಾರದಲ್ಲಿ ನಾವು ಕಲಿತು ಮುಗಿಸಿದ್ದೆವು.

ಬಲಗೈಯ ಓಡಾಟವನ್ನು ಅವರು ವಿವರಿಸಿದ ರೀತಿಯೂ ಹೇಳಬೇಕಾದದ್ದು. ‘ಜಿಂಗಲ್ ಬೆಲ್ಸ್’ನಂತೆ ಈ ಹಾಡು ಐದು ಬೆರಳಿನೊಳಗೆ ಅಡಗುವುದಿಲ್ಲ, ಕೆಳಗಿನ ಸದಿಂದ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಮದವರೆಗೆ ಹರಡಿಕೊಂಡಿದೆ. ಅದಕ್ಕಾಗಿ ಹೆಬ್ಬೆರಳಿಗೆ ಮೂರು ನೆಲೆಗಳನ್ನು ಗೊತ್ತುಮಾಡಿದರು. ಹೆಬ್ಬೆರಳು ಗದ ಮೇಲಿದ್ದರೆ ‘ಪ ದ ಪ ಗ’ ಕೈಯೊಳಗೇ ಇರುತ್ತದೆ. ಅದನ್ನು ಪಕ್ಕೆ ಸರಿಸಿದರೆ ‘ರಿ ರಿ ನಿ, ಸ ಸ ಪ’ ಎಂಬ ಮೇಲಿನ ಸಾಲೂ, ‘ದ ದ ಸ ನಿ ದ’ ಎಂಬ ಸಾಲೂ ಕೈಕೆಳಗೆ ಬರುತ್ತವೆ. ಹಾಡು ಶಿಖರ ಮುಟ್ಟುವ ಒಂಬತ್ತನೆಯ ಆವರ್ತದಲ್ಲಿ ಹೆಬ್ಬೆರಳು ನಿಗೆ ಹೋಗಬೇಕು. ಆಗ ‘ರಿ ರಿ ಮ ರಿ ನಿ, ಸ ಗ’ ಎಂಬುದು ಕೈ ಚಾಚದೆಯೇ ಸಿಗುತ್ತದೆ, ತಾರ ಮಧ್ಯಮದ ಮೇಲೆ ಕಿರುಬೆರಳು ತಾನಾಗಿ ಕೂರುತ್ತದೆ. ಕೊನೆಯ ‘ಸ ಪ ಗ, ಪ ಮ ರಿ, ಸ’ ಒಂದು ಮಾತ್ರ ಇಡೀ ಸ್ಥಾಯಿಯನ್ನು ಇಳಿಯುವ ಸಾಲು, ಅದಕ್ಕೆ ಕೈಯನ್ನು ಸಡಿಲವಾಗಿಟ್ಟು ಸರಿಸುತ್ತ ಬರಬೇಕು. ಬೆರಳುಗಳ ಸಂಖ್ಯೆಯನ್ನು ಪ್ರತಿ ಸ್ವರಕ್ಕೂ ಬರೆದು ಬಾಯಿಪಾಠ ಮಾಡಿಸುವ ಬದಲು ಹೆಬ್ಬೆರಳು ಎಲ್ಲಿರಬೇಕೆಂಬುದನ್ನಷ್ಟೇ ಹೇಳಿದ್ದರಿಂದ ನೆನಪಿಡಬೇಕಾದದ್ದು ತುಂಬ ಕಡಿಮೆಯಾಯಿತು. ಎಂಟು ವರ್ಷದ ಹುಡುಗಿಯೊಬ್ಬಳು ಒಂದೇ ಸಂಜೆಯಲ್ಲಿ ಇದನ್ನು ಹಿಡಿದಳು. ನನಗೆ ಐದು ದಿನ ಬೇಕಾಯಿತು.

ಎಡಗೈ ನಾಲ್ಕನೆಯ ವಾರದಲ್ಲಿ ಬಂದಿತು. ಇಡೀ ಹಾಡಿಗೆ ಬೇಕಾದದ್ದು ಮೂರು ಕಾರ್ಡುಗಳು: ಸ-ಗ-ಪ, ಮ-ದ-ಸ, ಪ-ನಿ-ರಿ, ಪಾಶ್ಚಾತ್ಯ ಹೆಸರಿನಲ್ಲಿ ಸಿ, ಎಫ್, ಜಿ. ಇವುಗಳನ್ನು ಹೀಗೆಯೇ ಹಿಡಿಯಲು ಹೋದರೆ ಎಡಗೈ ಪ್ರತಿ ಬಾರಿ ನಾಲ್ಕೈದು ಮನೆಗಳಷ್ಟು ಜಿಗಿಯಬೇಕಾಗುತ್ತದೆ, ಜಿಗಿತ ತಪ್ಪಿದರೆ ಬಲಗೈಯೂ ನಿಂತುಬಿಡುತ್ತದೆ. ಮೇಷ್ಟ್ರು ಕಾರ್ಡಿನ ಸ್ವರಗಳ ಕ್ರಮವನ್ನು ತಿರುಗಿಸಿ ಹಿಡಿಯಲು ಮೊದಲ ದಿನವೇ ಕಲಿಸಿದರು. ಸ-ಗ-ಪ ಹಿಡಿದ ಕೈಯಲ್ಲಿ ಪವನ್ನು ಹಾಗೆಯೇ ಬಿಟ್ಟು, ಸವನ್ನು ಪಕ್ಕದ ಕೆಳಗಿನ ನಿಗೂ ಗವನ್ನು ರಿಗೂ ಇಳಿಸಿದರೆ ಜಿ ಕಾರ್ಡ್ ಆಯಿತು. ಸವನ್ನು ಹಾಗೆಯೇ ಬಿಟ್ಟು ಗವನ್ನು ಮಗೂ ಪವನ್ನು ದಗೂ ಏರಿಸಿದರೆ ಎಫ್ ಕಾರ್ಡ್ ಆಯಿತು. ಕೈ ಎಲ್ಲಿಗೂ ಹೋಗುವುದಿಲ್ಲ, ಒಂದು ಬೆರಳು ನಿಂತಿರುತ್ತದೆ, ಎರಡು ಬೆರಳು ಒಂದೊಂದು ಮನೆ ಸರಿಯುತ್ತವೆ. ಕಿವಿಗೂ ಇದು ಹಿತ, ಏಕೆಂದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟುವಾಗ ಒಂದು ಸ್ವರ ಎಳೆಯಂತೆ ಉಳಿಯುತ್ತದೆ. ಶ್ರುತಿಯ ಮೇಲೆ ಒಂದೇ ಸ್ವರಧಾರೆಯನ್ನು ಕೇಳಿ ಬೆಳೆದ ನನಗೆ ಕಾರ್ಡುಗಳೆಂದರೆ ಮೂರು ಸ್ವರಗಳ ಗದ್ದಲ ಎಂಬ ಭಾವನೆಯಿತ್ತು. ಐದನೆಯ ಆವರ್ತದಲ್ಲಿ ಮೇಲಿನ ದ ಬರುವ ಕ್ಷಣಕ್ಕೆ ಸರಿಯಾಗಿ ಕೆಳಗೆ ಎಫ್ ಕಾರ್ಡ್ ತೆರೆದುಕೊಂಡಾಗ, ಒಂದೇ ಧೈವತ ಎರಡು ಕಡೆಯಿಂದ ಬೆಳಕು ಬಿದ್ದಂತೆ ಕೇಳಿದಾಗ, ಆ ಭಾವನೆ ಹೋಯಿತು.

ಎರಡೂ ಕೈಗಳನ್ನು ಸೇರಿಸುವ ಹದಿನೈದು ದಿನ ನಿಜಕ್ಕೂ ಕಷ್ಟದ್ದು, ಸೇರುವವರು ಅದನ್ನು ತಿಳಿದೇ ಸೇರಬೇಕು. ಮೊದಲು ಪ್ರತಿ ಆವರ್ತಕ್ಕೆ ಒಂದೇ ಬಾರಿ ಕಾರ್ಡನ್ನು ಒತ್ತಿ ಹಿಡಿಯುವುದು. ಅದು ಕೂಡಿಬಂದ ಮೇಲೆ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟಿದ ಹಾಗೆ ಸ-ಗ-ಪ, ಸ-ಗ-ಪ ಎಂದು ಮೂರು ಮೂರಾಗಿ ಬಿಡಿಸಿ ನುಡಿಸುವುದು. ಎರಡನೆಯದು ಬಂದಾಗ ಎಡಗೈಯೇ ‘ತಕಿಟ ತಕಿಟ’ ಹೇಳತೊಡಗುತ್ತದೆ, ಬಲಗೈಯ ಪ ತನ್ನ ಮೂರು ಎಣಿಕೆಗಳನ್ನು ಅದರ ಮೇಲೆ ಒರಗಿ ಪಡೆಯುತ್ತದೆ. ಎಂಟು ಜನರಲ್ಲಿ ಆರು ಜನ ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿಯವರೆಗೆ ಬಂದರು, ಇಬ್ಬರು ಮೊದಲ ಹಂತದಲ್ಲೇ ಉಳಿದರು. ಉಳಿದವರಿಗೂ ಹಾಡು ಪೂರ್ತಿಯಾಗಿ ಸಿಕ್ಕಿತ್ತು.

ಮೇಷ್ಟ್ರ ಒಂದು ನಿಯಮವನ್ನು ಕೆಲವರು ಒಪ್ಪಲಿಕ್ಕಿಲ್ಲ: ವಾದ್ಯದೊಳಗಿನ ಸಿದ್ಧ ತಾಳವನ್ನೂ ತಾನಾಗಿ ನುಡಿಯುವ ಹಿನ್ನೆಲೆಯನ್ನೂ ಆರು ವಾರವೂ ಬಳಸುವಂತಿಲ್ಲ. ಈಗಿನ ಆರಂಭಿಕರ ಕೀಬೋರ್ಡುಗಳಲ್ಲಿ ಎಡಗೈಯಿಂದ ಕಾರ್ಡನ್ನು ಒತ್ತಿದರೆ ಸಾಕು, ತಬಲಾ, ಡ್ರಮ್, ಬೇಸ್ ಎಲ್ಲವೂ ತಾವಾಗಿ ಹೊರಡುತ್ತವೆ. ಎರಡನೆಯ ದಿನವೇ ಮನೆಯವರ ಮುಂದೆ ನುಡಿಸಿ ತೋರಿಸಬಹುದು. ನಾನು ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆ ಮೂರು ತಿಂಗಳು ಹಾಗೆಯೇ ಕಲಿತಿದ್ದೆ. ಅಲ್ಲಿ ಆರು ಹಾಡು ನುಡಿಸುತ್ತಿದ್ದವಳಿಗೆ, ತಾಳದ ಗುಂಡಿಯನ್ನು ಆರಿಸಿದ ದಿನ ಒಂದು ಸಾಲೂ ನೆಟ್ಟಗೆ ಬರಲಿಲ್ಲ, ಏಕೆಂದರೆ ಕಾಲವನ್ನು ಹಿಡಿಯುವ ಕೆಲಸವನ್ನು ನಾನು ಎಂದೂ ಮಾಡಿರಲಿಲ್ಲ. ಹಾಡುವವರ ಜೊತೆ ನುಡಿಸಬೇಕಾದವರಿಗೆ ಈ ಯಂತ್ರದ ತಾಳ ಇನ್ನೂ ಅಪಾಯ: ಜನ ಉಸಿರಿಗಾಗಿ ನಿಲ್ಲುತ್ತಾರೆ, ಯಂತ್ರ ನಿಲ್ಲುವುದಿಲ್ಲ. ಹಾಗಾಗಿ ಮೇಷ್ಟ್ರ ನಿಯಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕೀಬೋರ್ಡ್ ತರಗತಿಗೆ ಸೇರುವ ಮುನ್ನ ಯಾರಾದರೂ ಒಂದೇ ಒಂದು ಪ್ರಶ್ನೆ ಕೇಳಬೇಕೆಂದಿದ್ದರೆ ಇದನ್ನು ಕೇಳಲಿ: ತಾಳದ ಗುಂಡಿಯನ್ನು ಆರಿಸಿ ಕಲಿಸುತ್ತೀರಾ?

ವಾದ್ಯದ ವಿಷಯ ಸ್ವಲ್ಪ ಹೇಳುತ್ತೇನೆ. ತರಗತಿಯಲ್ಲಿ ನಾಲ್ಕು ಕೀಬೋರ್ಡುಗಳಿವೆ, ಎಲ್ಲವೂ 61 ಮನೆಗಳವು, ಅಂದರೆ ಐದು ಸ್ಥಾಯಿಯವು. ಪಿಯಾನೊದ 88 ಮನೆಗಳು ಈ ಕಲಿಕೆಗೆ ಬೇಕಿಲ್ಲ. ಮಕ್ಕಳಿಗೆಂದು ಮಾರುವ, ಕಿರಿದಾದ ಮನೆಗಳ 32ರ ಅಥವಾ 44ರ ವಾದ್ಯಗಳನ್ನು ಕೊಳ್ಳದಿರುವುದು ಒಳ್ಳೆಯದು. ಬೆರಳುಗಳ ನಡುವಿನ ಅಂತರ ಅದರಲ್ಲಿ ಒಂದು ಬಗೆಯಾಗಿ ರೂಢಿಯಾದರೆ ದೊಡ್ಡ ವಾದ್ಯಕ್ಕೆ ಬಂದಾಗ ಎಲ್ಲವನ್ನೂ ಮತ್ತೆ ಕಲಿಯಬೇಕಾಗುತ್ತದೆ. ಕೊಳ್ಳುವಾಗ ನೋಡಬೇಕಾದ ಮುಖ್ಯ ಗುಣ ಮನೆಯನ್ನು ಒತ್ತಿದ ಬಲಕ್ಕೆ ತಕ್ಕಂತೆ ಧ್ವನಿ ಏರಿಳಿಯುವ ಟಚ್ ರೆಸ್ಪಾನ್ಸ್. ಉದಾಹರಣೆಗೆ ಕ್ಯಾಸಿಯೊದ ಸಿಟಿ-ಎಸ್200 ಮತ್ತು ಸಿಟಿ-ಎಸ್300 ನೋಡಲು ಒಂದೇ ತೆರನಾಗಿವೆ, ಎರಡಕ್ಕೂ 61 ಮನೆಗಳೇ, ಎರಡೂ ಆರು ಸಣ್ಣ ಬ್ಯಾಟರಿಗಳಲ್ಲಿ ನಡೆಯಬಲ್ಲವು. ಆದರೆ ಈ ಗುಣ ಇರುವುದು 300ರಲ್ಲಿ ಮಾತ್ರ. ಇಂಥ ಮೆಲುವಾದ ಹಾಡಿನಲ್ಲಿ ಎಡಗೈ ಬಲಗೈಗಿಂತ ಮೃದುವಾಗಿ ಕೇಳಬೇಕಾದ್ದರಿಂದ ಅದು ಅಲಂಕಾರದ ಸೌಲಭ್ಯವಲ್ಲ, ಅಗತ್ಯ. ಬ್ಯಾಟರಿಯ ಅನುಕೂಲ ನಮ್ಮ ಮಲೆನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆಲ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ತೋಟದ ಮನೆಯ ಹುಡುಗ ವಿದ್ಯುತ್ ಇಲ್ಲದ ಸಂಜೆಗಳಲ್ಲೂ ಅಭ್ಯಾಸ ತಪ್ಪಿಸದೆ ಬಂದದ್ದು ಅದರಿಂದಲೇ.

ಕೊರತೆಗಳೂ ಇವೆ. ಎಂಟು ಜನಕ್ಕೆ ನಾಲ್ಕು ವಾದ್ಯಗಳೆಂದರೆ ಒಂದು ಗಂಟೆಯ ಪಾಠದಲ್ಲಿ ಪ್ರತಿಯೊಬ್ಬರ ಕೈಗೆ ಸಿಗುವುದು ಅರ್ಧ ಗಂಟೆ. ಹಾಡುವ, ಎಣಿಸುವ ಸರದಿಯಿಂದ ಮೊದಲ ವಾರಗಳಲ್ಲಿ ಇದು ಗೊತ್ತಾಗುವುದಿಲ್ಲ, ಎರಡು ಕೈ ಸೇರಿಸುವ ವಾರಗಳಲ್ಲಿ ಕಾಡುತ್ತದೆ. ಮನೆಯಲ್ಲಿ ವಾದ್ಯವಿಲ್ಲದವರು ಆಗ ಹಿಂದೆ ಬೀಳುತ್ತಾರೆ. ಹಿಂದೆ ಉಳಿದ ಇಬ್ಬರೂ ಅಂಥವರೇ. ಹೆಡ್‌ಫೋನ್‌ಗಳಿಲ್ಲದ್ದರಿಂದ ನಾಲ್ವರು ಒಟ್ಟಿಗೆ ನುಡಿಸುವಾಗ ತನ್ನ ತಪ್ಪು ತನಗೆ ಕೇಳುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಕಿಟಕಿಯ ಪಕ್ಕದ ವಾದ್ಯಕ್ಕೆ ಕೂತವರ ಬೆರಳುಗಳು ಸೆಟೆದುಕೊಳ್ಳುತ್ತವೆ, ಮೊದಲ ಹತ್ತು ನಿಮಿಷ ಕೈ ಉಜ್ಜಿಕೊಳ್ಳುವುದರಲ್ಲೇ ಹೋಗುತ್ತದೆ. ಇವೆಲ್ಲ ಸರಿಪಡಿಸಬಹುದಾದವು, ನಾನು ಮೇಷ್ಟ್ರಿಗೂ ಹೇಳಿದ್ದೇನೆ.

ಇನ್ನೂ ಗಂಭೀರವಾದ ಮಿತಿಯೆಂದರೆ ಪಾಶ್ಚಾತ್ಯ ಸ್ವರಲಿಪಿಯನ್ನು, ಐದು ಗೆರೆಗಳ ಮೇಲೆ ಬರೆಯುವ ಆ ಕ್ರಮವನ್ನು, ಇಲ್ಲಿ ಕಲಿಸುವುದೇ ಇಲ್ಲ. ಹಾಡನ್ನು ಹಬ್ಬಕ್ಕೆ ನುಡಿಸಬೇಕೆನ್ನುವ ನನ್ನಂಥವರಿಗೆ ಸರಿಗಮ ಸಾಕು. ಮುಂದೆ ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವಂಥ ಶ್ರೇಣಿ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಬೇಕೆಂದಿರುವ ಪೋಷಕರಿಗೆ ಇದು ಸಾಲದು, ಆ ಮಕ್ಕಳು ಗೆರೆಗಳನ್ನು ಓದಲು ಬೇರೆ ಕಡೆ ಕಲಿಯಲೇಬೇಕು. ಕರಿಹಲಗೆಯ ಮೇಲೆ ಅಷ್ಟು ಚೆನ್ನಾಗಿ ಬರೆದ ಸ್ವರಲಿಪಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಎಲ್ಲರ ಕೈಗೆ ಕೊಟ್ಟಿದ್ದರೆ ಬಹಳ ಉಪಕಾರವಾಗುತ್ತಿತ್ತು. ನಾವು ಮೊಬೈಲಿನಲ್ಲಿ ತೆಗೆದುಕೊಂಡ ಚಿತ್ರಗಳಲ್ಲಿ ಸ್ಥಾಯಿಯ ಚುಕ್ಕೆ ಯಾವುದು, ಸೀಮೆಸುಣ್ಣದ ಪುಡಿ ಯಾವುದು ಎಂದು ತಿಳಿಯದೆ ಒಬ್ಬ ತಾಯಿ ತನ್ನ ಮಗನಿಗೆ ಮೂರು ದಿನ ರಿಷಭವನ್ನು ಕೆಳಗಿನ ಸ್ಥಾಯಿಯಲ್ಲಿ ನುಡಿಸಲು ಹೇಳಿಕೊಟ್ಟಿದ್ದರು.

ಕೊನೆಯ ವಾರ ಹಾಡುವವರ ಜೊತೆ ನುಡಿಸುವ ಪಾಠ. ಇದು ಒಂದು ವಾರ ಮುಂಚೆಯೇ ಶುರುವಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಕಲಿಯಲಿಕ್ಕೆ ತುಂಬ ಇತ್ತು. ಬಿಳಿ ಸದಿಂದ ನುಡಿಸಿದರೆ ತಾರ ಮಧ್ಯಮದ ಹತ್ತಿರ ಹೆಚ್ಚಿನವರ ಗಂಟಲು ಕಟ್ಟಿಕೊಳ್ಳುತ್ತದೆ. ಮೇಷ್ಟ್ರು ಟ್ರಾನ್ಸ್‌ಪೋಸ್ ಗುಂಡಿಯಿಂದ ಶ್ರುತಿಯನ್ನು, ಕರಿ ಬಿಳಿ ಎರಡನ್ನೂ ಎಣಿಸಿ, ಎರಡು ಮನೆ ಇಳಿಸಲು ಹೇಳಿದರು. ಬೆರಳುಗಳು ಕಲಿತ ಮನೆಗಳಲ್ಲೇ ಇರುತ್ತವೆ, ಧ್ವನಿ ಮಾತ್ರ ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ಕಪ್ಪು ಐದಕ್ಕೆ, ಅಂದರೆ ಐದನೆಯ ಕರಿ ಮನೆಯ ಶ್ರುತಿಗೆ, ಇಳಿಯುತ್ತದೆ. ಪಾಶ್ಚಾತ್ಯ ಸ್ತೋತ್ರಸಂಪುಟಗಳಲ್ಲೂ ಈ ಹಾಡನ್ನು ಹೆಚ್ಚಾಗಿ ಮುದ್ರಿಸಿರುವುದು ಅದೇ ಶ್ರುತಿಯಲ್ಲಿ. ಯಂತ್ರದ ಸೌಲಭ್ಯಗಳಲ್ಲಿ ಅವರು ಮನಸಾರೆ ಒಪ್ಪಿದ್ದು ಇದೊಂದನ್ನೇ. ಹಾಡು ಶುರುವಾಗುವ ಮುನ್ನ ಕೊನೆಯ ಎರಡು ಆವರ್ತಗಳನ್ನು ನುಡಿಸಿ ಶ್ರುತಿಯನ್ನೂ ಕಾಲವನ್ನೂ ಕೇಳಿಸಬೇಕು. ಸಾಲಿನ ಕೊನೆಯಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುವವರೆಗೆ ಎಡಗೈಯ ಕಾರ್ಡನ್ನು ಹಿಡಿದಿರಬೇಕು. ತಪ್ಪು ಸ್ವರ ಬಿದ್ದರೆ ತಿದ್ದಲು ಹಿಂದಕ್ಕೆ ಹೋಗಬಾರದು. ಈ ಮೂರನೆಯದನ್ನು ಅವರು ತುಂಬ ಕಟ್ಟುನಿಟ್ಟಾಗಿ ಹೇಳಿದರು: “ನೀವು ತಪ್ಪಿದ್ದು ನಿಮಗೊಬ್ಬರಿಗೇ ಗೊತ್ತು ಮೇಡಂ, ನಿಂತರೆ ಬೀದಿಗೆಲ್ಲ ಗೊತ್ತಾಗುತ್ತದೆ.”

ಡಿಸೆಂಬರ್ 24ರ ಸಂಜೆ ಪಕ್ಕದ ಮನೆಯಲ್ಲಿ ಗೋದಲಿಯ ಬದಿಗೆ ಕೀಬೋರ್ಡನ್ನಿಟ್ಟು ನುಡಿಸಿದೆ. ಹದಿನೈದು ಜನ ಹಾಡಿದರು, ಕೆಲವರು ಕೊಂಕಣಿಯಲ್ಲಿ, ಕೆಲವರು ಇಂಗ್ಲಿಷಿನಲ್ಲಿ, ಎರಡೂ ಒಂದೇ ಧಾಟಿಯೊಳಗೆ ಕೂಡಿಕೊಂಡವು. ಏಳನೆಯ ಆವರ್ತದಲ್ಲಿ ಎಫ್ ಬದಲು ಜಿ ಕಾರ್ಡ್ ಹಿಡಿದೆ, ನಿಲ್ಲಲಿಲ್ಲ. ಎರಡನೆಯ ಚರಣದ ಹೊತ್ತಿಗೆ ನಾನು ಹನ್ನೆರಡನ್ನು ಎಣಿಸುವುದನ್ನು ಬಿಟ್ಟಿದ್ದೆ. ಅವರ ಉಸಿರನ್ನು ಕೇಳಿಕೊಂಡೇ ಎಡಗೈ ಹೋಗುತ್ತಿತ್ತು. ಆ ಮನೆಯ ಅಜ್ಜಿ ಹಾಡು ಮುಗಿದ ಮೇಲೆ ಹತ್ತಿರ ಬಂದು, “ಮಗಾ, ಇನ್ನೊಂದು ಸಲ, ಸ್ವಲ್ಪ ನಿಧಾನ” ಎಂದರು. ಇನ್ನೊಂದು ಸಲ ನುಡಿಸಿದಾಗ ಗಾಂಧಾರಕ್ಕೆ ಅದರ ಆರು ಎಣಿಕೆಗಳೂ ಸಿಕ್ಕಿದವು.

ಸೇರಬೇಕೆನ್ನುವವರು ಅಕ್ಟೋಬರ್ ಕೊನೆಯೊಳಗೆ ಹೋಗಿ ಮಾತಾಡಬೇಕು, ನವೆಂಬರ್ ಬಂದರೆ ಜಾಗವಿರುವುದಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಮನೆಯಲ್ಲಿ ಕೂರಲು ಆಗದವರಿಗೆ, ಸಿನಿಮಾ ಹಾಡುಗಳನ್ನು ಬೇಗ ನುಡಿಸಬೇಕೆನ್ನುವವರಿಗೆ ಈ ಪಾಠ ಹಿಡಿಸದು. ಸಂಗೀತದ ಗಂಧವಿಲ್ಲದ ದೊಡ್ಡವರಿಗೂ ಹಿಡಿಸುತ್ತದೆ ಎಂಬುದಕ್ಕೆ ನಮ್ಮ ಜೊತೆಗಿದ್ದ 58 ವರ್ಷದ ನಿವೃತ್ತ ಬಸ್ ಕಂಡಕ್ಟರರೇ ಸಾಕ್ಷಿ. ತಾಳದಲ್ಲಿ ಅವರು ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದರು. ಹಬ್ಬದ ನಂತರವೂ ಬಯಸಿದವರಿಗೆ ವಾರಕ್ಕೆ ಒಂದು ದಿನ ಪಾಠ ಮುಂದುವರಿಯುತ್ತದೆ, ನಾನು ಹೋಗುತ್ತಿದ್ದೇನೆ. ಈಗ ಹಿಡಿದಿರುವುದು ‘ಜಾಯ್ ಟು ದ ವರ್ಲ್ಡ್’. ಅದರ ಮೊದಲ ಸಾಲು ಶಂಕರಾಭರಣದ ಅವರೋಹಣವೇ, ತಾರ ಸದಿಂದ ಮಧ್ಯ ಸವರೆಗೆ ಒಂದು ಸ್ವರವೂ ಬಿಡದೆ ಇಳಿಯುತ್ತದೆ. ಸ್ವರ ಎಂಟು, ಬೆರಳು ಐದು. ಆದ್ದರಿಂದ ಕಿರುಬೆರಳಿನಿಂದ ಇಳಿಯುತ್ತ ಬಂದು ಹೆಬ್ಬೆರಳು ಮಧ್ಯಮವನ್ನು ಮುಟ್ಟಿದಾಗ, ನಡುಬೆರಳನ್ನು ಅದರ ಮೇಲಿಂದ ದಾಟಿಸಿ ಗಾಂಧಾರದ ಮೇಲಿಡಬೇಕು. ಆ ದಾಟುವಿಕೆಯಲ್ಲಿ ಮಧ್ಯಮ ಕಡಿದುಹೋಗದ ಹಾಗೆ ನುಡಿಸುವುದನ್ನು ಮೂರು ವಾರಗಳಿಂದ ಅಭ್ಯಾಸ ಮಾಡುತ್ತಿದ್ದೇನೆ.